ಭೂಮಾಪನ ಮತ್ತು ಗಣಕಯಂತ್ರ: ಹಳೆಯ ನಕಾಶೆಯ ಹೊಸ ಜೀವನ



ಭೂಮಿಗೆ ಸಂಬಂಧಿಸಿದ ಅನೇಕ ವ್ಯಾಜ್ಯಗಳು ಒಂದು ಗೆರೆಯ ಸುತ್ತ ಹುಟ್ಟುತ್ತವೆ. ಹೊಲದಲ್ಲಿ ಆ ಗೆರೆ ಬದುವಾಗಿಯೋ ಬಾಂದುಕಲ್ಲುಗಳ ಸಾಲಾಗಿಯೋ ಕಾಣಿಸುತ್ತದೆ. ಕಚೇರಿಯ ದಾಖಲೆಯಲ್ಲಿ ಅದು ನಕಾಶೆಯ ಮೇಲಿನ ಶಾಯಿಯ ಎಳೆ. ಈಗ ಅದೇ ಎಳೆ ಗಣಕಯಂತ್ರದ ತೆರೆಯ ಮೇಲೆ ಮೂಡುತ್ತಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿ, ಊರಿನಲ್ಲಿ ಪಿತ್ರಾರ್ಜಿತ ಜಮೀನನ್ನು ಉಳಿಸಿಕೊಂಡಿರುವ ಕನ್ನಡಿಗರಿಗೆ ಬದುವಿನ ಮೇಲೆ ನಿಂತು ನೋಡುವ ಅವಕಾಶ ವರ್ಷಕ್ಕೊಮ್ಮೆ ದೊರೆತರೆ ಹೆಚ್ಚು. ಅವರ ಕೈಗೆ ಬರುವುದು ನಕ್ಷೆಯ ಒಂದು ಪ್ರತಿ ಮಾತ್ರ. ಆ ಪ್ರತಿ ಹೇಗೆ ಸಿದ್ಧವಾಯಿತು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ತಿಳಿಯುವುದು ಆದ್ದರಿಂದ ಕೇವಲ ತಂತ್ರಜ್ಞರ ವಿಷಯವಲ್ಲ.

ಭಾರತೀಯ ಸರ್ವೇಕ್ಷಣ ಇಲಾಖೆ 1767ರಲ್ಲಿ ಸ್ಥಾಪನೆಯಾಯಿತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆಯುವುದರೊಂದಿಗೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಆರಂಭವಾಯಿತು. ಅದು ದೇಶಕ್ಕೆ ಒಂದು ಭದ್ರವಾದ ಚೌಕಟ್ಟನ್ನು ಒದಗಿಸಿತು. ಆದರೆ ರೈತನ ಹೊಲದ ಮೇರೆಯನ್ನು ಗುರುತಿಸಿದ್ದು ಕಂದಾಯ ಸರ್ವೇಕ್ಷಣೆ. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಪದ್ಧತಿ ಮುಂದೆ ಮುಂಬಯಿ ಕರ್ನಾಟಕದ ಜಿಲ್ಲೆಗಳಿಗೂ ಮೈಸೂರು ಸಂಸ್ಥಾನಕ್ಕೂ ಹಬ್ಬಿತು. ಅಳತೆಯ ಸಾಧನ 33 ಅಡಿ ಉದ್ದದ ಸರಪಳಿ; ಅದಕ್ಕೆ 16 ಆಣೆಗಳ ವಿಭಾಗ. ಒಂದು ಚದರ ಸರಪಳಿ ಎಂದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪ್ರತಿಯೊಂದು ಸರ್ವೆ ನಂಬರಿನ ಅಳತೆಗಳನ್ನು ಟಿಪ್ಪಣಿಯಲ್ಲಿ ಬರೆದಿಡಲಾಯಿತು. ಅವೆಲ್ಲವನ್ನೂ ಕೂಡಿಸಿ ಚಿಕ್ಕ ಪ್ರಮಾಣದಲ್ಲಿ ಗ್ರಾಮ ನಕಾಶೆಯನ್ನು ಬರೆಯಲಾಯಿತು. ಹೊಲದ ನಿಖರ ಅಳತೆ ಇರುವುದು ಟಿಪ್ಪಣಿಯಲ್ಲಿ. ಹೊಲಗಳ ಪರಸ್ಪರ ನೆಲೆಯನ್ನು ತೋರಿಸುವುದು ಗ್ರಾಮ ನಕಾಶೆ. ಈ ಭೇದ ಮುಂದಿನ ವಿವೇಚನೆಗೆ ಮುಖ್ಯವಾಗಿದೆ.

ಇಂಥ ನಕಾಶೆಗಳು ಬಟ್ಟೆಗೆ ಅಂಟಿಸಿದ ಕಾಗದದ ಮೇಲೆ ದಶಕಗಳ ಕಾಲ ಕಚೇರಿಗಳ ಕಪಾಟಿನಲ್ಲಿ ಉಳಿದುಬಂದಿವೆ. ಮಡಿಕೆಗಳಲ್ಲಿ ಹರಿದು, ತೇವದಿಂದ ಸುಕ್ಕಾಗಿ, ಕೈಯಿಂದ ಕೈಗೆ ಸವೆದು ಹೋದವೂ ಉಂಟು. ಕೇಂದ್ರ ಸರ್ಕಾರ 2008ರಲ್ಲಿ ರಾಷ್ಟ್ರೀಯ ಭೂದಾಖಲೆ ಆಧುನೀಕರಣ ಕಾರ್ಯಕ್ರಮವನ್ನು ಕೈಗೊಂಡಿತು. 2016ರಿಂದ ಅದು ಡಿಜಿಟಲ್ ಇಂಡಿಯಾ ಭೂದಾಖಲೆ ಆಧುನೀಕರಣ ಕಾರ್ಯಕ್ರಮವೆಂಬ ಹೆಸರಿನಲ್ಲಿ ನಡೆಯಿತು. ಹಕ್ಕುದಾಖಲೆಯ ಗಣಕೀಕರಣದೊಂದಿಗೆ ನಕಾಶೆಗಳ ಗಣಕೀಕರಣವೂ ಅದರ ಒಂದು ಪ್ರಧಾನ ಅಂಗ. ಈ ಕಾರ್ಯದ ಮೊದಲ ಮೆಟ್ಟಿಲು ಹಳೆಯ ನಕಾಶೆಯನ್ನು ಸ್ಕ್ಯಾನ್ ಮಾಡುವುದು.

ಸ್ಕ್ಯಾನ್ ಮಾಡಿದಾಗ ದೊರೆಯುವುದು ರಾಸ್ಟರ್ ಚಿತ್ರ. ಅದು ರಂಗೋಲಿಯ ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟಂತೆ. ಸಾಲು ಸಾಲಾಗಿ ನಿಂತ ಚುಕ್ಕಿಗಳಲ್ಲಿ ಒಂದೊಂದಕ್ಕೂ ಒಂದು ಬಣ್ಣವಿರುತ್ತದೆ, ಬೇರೆ ಯಾವ ಅರ್ಥವೂ ಇರುವುದಿಲ್ಲ. ಗಡಿಯ ಗೆರೆ ಯಾವುದು, ಬಾವಿಯ ಗುರುತು ಯಾವುದು, ಚಹಾದ ಕಲೆ ಯಾವುದು ಎಂಬುದು ಚಿತ್ರಕ್ಕೆ ತಿಳಿಯದು. ಗಣಕದ ನೆರವಿನಿಂದ ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶದಲ್ಲಿ ಎಳೆದ ಗೆರೆಯ ಸ್ವರೂಪ ಬೇರೆ. ಅದು ಎರಡು ಬಿಂದುಗಳ ನಡುವಿನ ನಿಶ್ಚಿತ ರೇಖೆ. ಅದರ ಉದ್ದ, ದಿಕ್ಕು, ಅದು ಸುತ್ತುವರಿದ ಕ್ಷೇತ್ರ ಎಲ್ಲವನ್ನೂ ತಂತ್ರಾಂಶ ಲೆಕ್ಕಹಾಕಬಲ್ಲದು. ಚುಕ್ಕಿಯ ಚಿತ್ರವನ್ನು ಅಡಿಯಲ್ಲಿಟ್ಟು, ಅದರ ಆಧಾರದಿಂದ ನಿಶ್ಚಿತ ರೇಖೆಗಳನ್ನು ಎಳೆಯುವುದೇ ಈ ಕೆಲಸದ ತಿರುಳು.

ಇಲ್ಲಿ ಪ್ರಮಾಣದ ವಿಚಾರವನ್ನು ಗಮನಿಸಬೇಕು. ಒಂದು ಮೈಲಿಗೆ ಎಂಟು ಅಂಗುಲದ ಪ್ರಮಾಣದಲ್ಲಿ ಬರೆದ ನಕಾಶೆಯ ಅನುಪಾತ 1:7920. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ ಸುಮಾರು ಎಂಟು ಮೀಟರು. ಅರ್ಧ ಮಿಲಿಮೀಟರು ದಪ್ಪದ ಶಾಯಿಯ ಗೆರೆಯೇ ನೆಲದ ಮೇಲೆ ಸುಮಾರು ನಾಲ್ಕು ಮೀಟರು ಅಗಲವಾಗುತ್ತದೆ. ಈ ನಕಾಶೆಯನ್ನು ಅಂಗುಲಕ್ಕೆ 400 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಒಂದು ಚುಕ್ಕಿ ನೆಲದ ಅರ್ಧ ಮೀಟರನ್ನು ಪ್ರತಿನಿಧಿಸುತ್ತದೆ. ಚುಕ್ಕಿಗಳ ಸಂಖ್ಯೆಯನ್ನು ಇನ್ನೂ ಹೆಚ್ಚಿಸಬಹುದು. ಆದರೆ ಗೆರೆಯೇ ನಾಲ್ಕು ಮೀಟರು ದಪ್ಪವಾಗಿರುವಾಗ ಅದರಿಂದ ನಿಖರತೆ ಹೆಚ್ಚುವುದಿಲ್ಲ, ಕಡತದ ಭಾರ ಮಾತ್ರ ಹೆಚ್ಚುತ್ತದೆ. ತೆರೆಯ ಮೇಲೆ ಚಿತ್ರವನ್ನು ನೂರು ಪಟ್ಟು ಹಿಗ್ಗಿಸಿ ನೋಡಿದರೂ ಮೂಲದಲ್ಲಿ ಇಲ್ಲದ ಸೂಕ್ಷ್ಮತೆ ಹುಟ್ಟಿಬರುವುದಿಲ್ಲ.

ಕಡತದ ಭಾರವೂ ಅಲಕ್ಷಿಸುವ ಸಂಗತಿಯಲ್ಲ. ಎ-ಸೊನ್ನೆ ಅಳತೆಯ ಒಂದು ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 14 ಕೋಟಿ ಚುಕ್ಕಿಗಳಾಗುತ್ತವೆ. ಸಂಕೋಚನ ಮಾಡದೆ ಪೂರ್ಣ ಬಣ್ಣದಲ್ಲಿ ಉಳಿಸಿದರೆ ಅದು 400 ಮೆಗಾಬೈಟಿಗೂ ಮಿಕ್ಕುತ್ತದೆ. ಕಪ್ಪು ಬಿಳುಪಿನಲ್ಲಿ ಉಳಿಸಿದರೆ 20 ಮೆಗಾಬೈಟಿಗಿಂತ ಕಡಿಮೆ. ಶಾಯಿಯ ಬಣ್ಣಗಳು ಬೇರೆ ಬೇರೆ ಅರ್ಥವನ್ನು ಸೂಚಿಸುವ ನಕಾಶೆಗೆ ಬಣ್ಣ ಅಗತ್ಯ. ಬರಿಯ ಕಪ್ಪು ಗೆರೆಯ ಹಾಳೆಗೆ ಅಗತ್ಯವಿಲ್ಲ. ಛಾಯಾಚಿತ್ರಗಳಿಗೆ ರೂಢಿಯಲ್ಲಿರುವ ಜೆಪೆಗ್ ಮಾದರಿ ಗಾತ್ರವನ್ನು ಕುಗ್ಗಿಸುವಾಗ ಗೆರೆಗಳ ಅಂಚನ್ನು ಮಸುಕುಗೊಳಿಸುತ್ತದೆ. ಆದ್ದರಿಂದ ನಕಾಶೆಗಳಿಗೆ ಏನನ್ನೂ ಕಳೆದುಕೊಳ್ಳದ ಟಿಫ್ ಮಾದರಿ ಹೆಚ್ಚು ಸೂಕ್ತ. ಮೊದಲು ಸ್ಕ್ಯಾನ್ ಮಾಡಿದ ಮೂಲ ಚಿತ್ರವನ್ನು ತಿದ್ದದೆ ಪ್ರತ್ಯೇಕವಾಗಿ ಕಾಪಾಡಿ, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುವುದು ಒಳ್ಳೆಯ ಪದ್ಧತಿ.

ಮುಂದಿನ ಹಂತ ಚಿತ್ರವನ್ನು ಅದರ ನಿಜವಾದ ನೆಲೆಯಲ್ಲಿ ಕೂರಿಸುವುದು. ಕಾಗದ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಒಂದು ದಿಕ್ಕಿನಲ್ಲಿ ನೂರಕ್ಕೆ ಒಂದು ಪಾಲು ಹೆಚ್ಚು ಕುಗ್ಗಿದ್ದರೆ, ಎರಡು ಕಿಲೋಮೀಟರು ಅಗಲದ ಗ್ರಾಮದಲ್ಲಿ ಅಂಚಿನಿಂದ ಅಂಚಿಗೆ 20 ಮೀಟರಿನ ವ್ಯತ್ಯಾಸ ಬರುತ್ತದೆ. ಎರಡು ಬಿಂದುಗಳನ್ನು ಹೊಂದಿಸಿ ಚಿತ್ರವನ್ನು ತಿರುಗಿಸಿ ಹಿಗ್ಗಿಸುವ ಸುಲಭ ವಿಧಾನದಿಂದ ಈ ದೋಷ ನಿವಾರಣೆಯಾಗದು. ಎರಡು ದಿಕ್ಕುಗಳಿಗೂ ಬೇರೆ ಬೇರೆ ತಿದ್ದುಪಡಿ ಕೊಡುವ ವಿಧಾನ ಬೇಕಾಗುತ್ತದೆ. ಅದಕ್ಕೆ ಕನಿಷ್ಠ ಮೂರು ನಿಯಂತ್ರಣ ಬಿಂದುಗಳು ಬೇಕು. ನಕಾಶೆಯಲ್ಲಿಯೂ ನೆಲದ ಮೇಲೆಯೂ ನಿಸ್ಸಂದೇಹವಾಗಿ ಗುರುತಿಸಬಹುದಾದ ಬಿಂದುಗಳೇ ಆಗಬೇಕು. ಮೂರು ಗ್ರಾಮಗಳ ಎಲ್ಲೆಗಳು ಕೂಡುವ ಕಲ್ಲು ಇದಕ್ಕೆ ಉತ್ತಮ ಉದಾಹರಣೆ. ಅವುಗಳ ಸ್ಥಾನವನ್ನು ಉಪಗ್ರಹ ಆಧಾರಿತ ಉಪಕರಣದಿಂದ ಅಳೆದು ಚಿತ್ರಕ್ಕೆ ಜೋಡಿಸಲಾಗುತ್ತದೆ.

ಇಲ್ಲೊಂದು ಮೋಸವಿದೆ. ಸರಿಯಾಗಿ ಮೂರೇ ಬಿಂದುಗಳನ್ನು ಕೊಟ್ಟರೆ ಲೆಕ್ಕದಲ್ಲಿ ಉಳಿಯುವ ದೋಷವನ್ನು ತಂತ್ರಾಂಶ ಸೊನ್ನೆ ಎಂದೇ ತೋರಿಸುತ್ತದೆ. ಅದು ನಿಖರತೆಯ ಸಾಕ್ಷಿಯಲ್ಲ. ಪರೀಕ್ಷಿಸಲು ಬೇರೆ ಬಿಂದುವೇ ಇಲ್ಲವೆಂಬುದರ ಸೂಚನೆ. ಆರೆಂಟು ಬಿಂದುಗಳನ್ನು ಗ್ರಾಮದ ನಾಲ್ಕೂ ಮೂಲೆಗಳಿಗೆ ಮತ್ತು ನಡುವಿಗೆ ಹರಡಿ, ಕೆಲವು ಬಿಂದುಗಳನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಇಟ್ಟುಕೊಂಡಾಗ ಮಾತ್ರ ನಿಜವಾದ ದೋಷ ಗೊತ್ತಾಗುತ್ತದೆ. ಎಲ್ಲ ಬಿಂದುಗಳನ್ನೂ ಗ್ರಾಮದ ಒಂದೇ ಬದಿಯಲ್ಲಿ ಆರಿಸಿದರೆ ಇನ್ನೊಂದು ಬದಿಯ ಹೊಲಗಳು ಜಾರಿಹೋಗುತ್ತವೆ. ವಲಯದ ಎಚ್ಚರವೂ ಬೇಕು. ದೇಶಾಂತರ ರೇಖೆ 78 ಡಿಗ್ರಿಗೆ ಪಶ್ಚಿಮದಲ್ಲಿರುವ ಕರ್ನಾಟಕದ ಬಹುಭಾಗ, ಮುಂಬಯಿ, ಪುಣೆ ಮತ್ತು ದೆಹಲಿಗಳು ಯುಟಿಎಂ ಪದ್ಧತಿಯ 43ನೆಯ ವಲಯಕ್ಕೆ ಸೇರುತ್ತವೆ. ಹೈದರಾಬಾದ್, ಚೆನ್ನೈಗಳೂ ಕೋಲಾರವೂ 44ನೆಯ ವಲಯಕ್ಕೆ ಸೇರುತ್ತವೆ. ವಲಯ ತಪ್ಪಿದರೆ ನಕ್ಷೆ ನೂರಾರು ಕಿಲೋಮೀಟರು ಆಚೆ ಹೋಗಿ ಕೂರುತ್ತದೆ. ಅಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ಕಣ್ಣಿಗೆ ಬೀಳದ ನಾಲ್ಕೈದು ಮೀಟರಿನ ತಪ್ಪೇ ಹೆಚ್ಚು ಅಪಾಯಕಾರಿ.

ಕ್ಯಾಡ್ ನಕ್ಷೆಗೆ ಚಿತ್ರವನ್ನು ಜೋಡಿಸಿದಾಗ ಸಾಮಾನ್ಯವಾಗಿ ಚಿತ್ರ ನಕ್ಷೆಯ ಕಡತದೊಳಗೆ ಸೇರಿಕೊಳ್ಳುವುದಿಲ್ಲ. ಅದು ಇರುವ ವಿಳಾಸ ಮಾತ್ರ ಸೇರುತ್ತದೆ. ನಕ್ಷೆಯನ್ನಷ್ಟೇ ಇನ್ನೊಂದು ಕಚೇರಿಗೆ ಕಳುಹಿಸಿದರೆ ಅಲ್ಲಿ ಚಿತ್ರದ ಬದಲು ಖಾಲಿ ಚೌಕಟ್ಟು ಕಾಣಿಸುತ್ತದೆ. ನಕ್ಷೆ, ಚಿತ್ರ ಮತ್ತು ಚಿತ್ರದ ನೆಲೆಯನ್ನು ಹೇಳುವ ಆರು ಸಾಲುಗಳ ಪುಟ್ಟ ಸ್ಥಾನಸೂಚಕ ಕಡತ, ಈ ಮೂರನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಒಟ್ಟಾಗಿ ಕಳುಹಿಸುವುದು ಇದಕ್ಕೆ ಪರಿಹಾರ. ಕಡತದ ಹೆಸರಿನಲ್ಲಿಯೇ ತಾಲ್ಲೂಕು, ಗ್ರಾಮ, ಹಾಳೆಯ ಸಂಖ್ಯೆಗಳು ಇರಬೇಕು. ಚಿತ್ರಕ್ಕೆ ಪ್ರತ್ಯೇಕ ಪದರವನ್ನು ಮೀಸಲಿಟ್ಟು, ಅದು ಗೆರೆಗಳ ಅಡಿಯಲ್ಲಿ ಇರುವಂತೆ ಮಾಡಿ, ಬಣ್ಣವನ್ನು ಮಂಕಾಗಿಸಿ, ಪದರಕ್ಕೆ ಬೀಗ ಹಾಕಬೇಕು. ಬೀಗವಿಲ್ಲದ ಚಿತ್ರ ಕೈತಪ್ಪಿ ಒಂದಿಷ್ಟು ಸರಿದರೆ, ಅದರ ನಂತರ ಎಳೆದ ಪ್ರತಿಯೊಂದು ಗಡಿಯೂ ಅಷ್ಟೇ ಸರಿಯುತ್ತದೆ. ಹಾಳೆಯ ಅಂಚಿನ ಬೇಡದ ಭಾಗವನ್ನು ಕತ್ತರಿಸಿ ಮರೆಮಾಡಿದರೆ ಅಕ್ಕಪಕ್ಕದ ಹಾಳೆಗಳು ಒಂದನ್ನೊಂದು ಮುಚ್ಚುವುದಿಲ್ಲ. ಸದ್ಯಕ್ಕೆ ಬೇಡವಾದ ಹಾಳೆಗಳನ್ನು ತಾತ್ಕಾಲಿಕವಾಗಿ ಇಳಿಸಿಟ್ಟರೆ ಯಂತ್ರದ ವೇಗ ಕುಂಠಿತವಾಗುವುದಿಲ್ಲ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಚಿತ್ರದ ಮೇಲೆ ಎಳೆದ ಗೆರೆ ಕೊನೆಯ ಮಾತಲ್ಲ. ಟಿಪ್ಪಣಿಯಲ್ಲಿ ಬದುವಿನ ಅಳತೆ ಅಂಕಿಯಲ್ಲಿ ಬರೆದಿದ್ದರೆ, ಚಿತ್ರದ ಮೇಲೆ ಅಳೆದ ಅಂತರಕ್ಕಿಂತ ಆ ಅಂಕಿಗೆ ಹೆಚ್ಚಿನ ಬೆಲೆ. ಕಾಗದ ಕುಗ್ಗಬಹುದು, ಅದರ ಮೇಲೆ ಬರೆದ ಸಂಖ್ಯೆ ಕುಗ್ಗುವುದಿಲ್ಲ. ಅದಕ್ಕಾಗಿಯೇ ಅನುಭವಿ ಭೂಮಾಪಕರು ಟಿಪ್ಪಣಿಯ ಅಂಕಿಗಳಿಂದ ಹೊಲದ ಆಕಾರವನ್ನು ಕಟ್ಟುತ್ತಾರೆ. ಗ್ರಾಮ ನಕಾಶೆಯ ಚಿತ್ರವನ್ನು ಅದರ ಸ್ಥಾನವನ್ನು ಒರೆಹಚ್ಚಲು ಮಾತ್ರ ಬಳಸುತ್ತಾರೆ. ಹೀಗೆ ಬಂದ ಕ್ಷೇತ್ರವನ್ನು ಆಕಾರಬಂದಿನ ಮತ್ತು ಪಹಣಿಯ ಕ್ಷೇತ್ರದೊಂದಿಗೆ ತಾಳೆ ನೋಡಲಾಗುತ್ತದೆ.

ಹೊಸ ಕಾಲದ ಚಿತ್ರಗಳಿಗೂ ಇದೇ ವಿವೇಕ ಅನ್ವಯಿಸುತ್ತದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಗಳ ವಾಸದ ಪ್ರದೇಶವನ್ನು ಡ್ರೋನ್ ಮೂಲಕ ಚಿತ್ರೀಕರಿಸಿ 1:500 ಪ್ರಮಾಣದ ನಕ್ಷೆಗಳನ್ನು ಸಿದ್ಧಪಡಿಸುವ ವ್ಯವಸ್ಥೆ ಮಾಡಲಾಯಿತು. ಹಾರಾಟಕ್ಕೆ ಮೊದಲು ಆಸ್ತಿಗಳ ಎಲ್ಲೆಯನ್ನು ಸುಣ್ಣದ ಪುಡಿಯಿಂದ ಗುರುತಿಸುವುದು ಅದರ ಒಂದು ಹಂತ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಸೂರಿನ ಅಂಚು ಕಾಣುತ್ತದೆ, ಅದರ ಕೆಳಗಿನ ಗೋಡೆಯ ಬುಡ ಕಾಣುವುದಿಲ್ಲ. ಚಿತ್ರದಲ್ಲಿ ಕಂಡ ಸೂರನ್ನೇ ಗಡಿಯೆಂದು ಎಳೆದರೆ ನೆರೆಯವನ ಜಾಗದ ಒಂದೆರಡು ಅಡಿ ಕೈಬದಲಾದಂತೆ. ಈ ಕಾರಣದಿಂದಲೇ ಚಿತ್ರದ ಮೇಲೆ ಗೆರೆ ಎಳೆದ ನಂತರ ಮತ್ತೆ ಸ್ಥಳಕ್ಕೆ ಹೋಗಿ, ಮನೆಯವರ ಎದುರಿನಲ್ಲಿ ಪರಿಶೀಲಿಸುವುದು ಅನಿವಾರ್ಯ. ಆ ಪರಿಶೀಲನೆಯ ದಿನ ಊರಿನಲ್ಲಿ ಇಲ್ಲದವರು ತಮ್ಮ ಪರವಾಗಿ ಹಾಜರಿರಲು ನಂಬಿಕೆಯ ಬಂಧುವೊಬ್ಬರನ್ನು ಗೊತ್ತುಮಾಡುವುದು ಲೇಸು.

ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಣ್ಣ ಸಾಗುವಳಿ ಮಾಡುತ್ತಿದ್ದಾನೆ, ತಮ್ಮ ಮುಂಬಯಿಯಲ್ಲಿ ದುಡಿಯುತ್ತಿದ್ದಾನೆ ಎಂದು ಭಾವಿಸಬಹುದು. ಅವರ ಹೊಲಕ್ಕೂ ನೆರೆಹೊಲಕ್ಕೂ ನಡುವೆ ನೂರು ಮೀಟರು ಉದ್ದದ ಬದುವಿದೆ. ಗಣಕದ ನಕ್ಷೆಯಲ್ಲಿ ಆ ಗೆರೆ ನಾಲ್ಕು ಮೀಟರು ಒಳಕ್ಕೆ ಸರಿದಿದ್ದರೆ ಕಾಗದದ ಮೇಲೆ ಸುಮಾರು ನಾಲ್ಕು ಗುಂಟೆ ಮಾಯವಾಗುತ್ತದೆ. ನೆರೆಯವನು ಮೋಸ ಮಾಡಿಲ್ಲ, ಅಣ್ಣನೂ ಮಾರಿಲ್ಲ. ಶಾಯಿಯ ಗೆರೆಯ ಒಂದು ಅಂಚಿನ ಬದಲು ಇನ್ನೊಂದು ಅಂಚನ್ನು ಹಿಡಿದದ್ದೇ ಕಾರಣವಿರಬಹುದು. ಇದನ್ನು ಅರಿಯದ ತಮ್ಮ ಅಣ್ಣನನ್ನು ಸಂಶಯಿಸುತ್ತಾನೆ. ಅಣ್ಣ ನೆರೆಯವನ ಮೇಲೆ ಏರಿಹೋಗುತ್ತಾನೆ. ಅರಿತವನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಈ ನಕ್ಷೆ ಯಾವ ಪ್ರಮಾಣದ ಮೂಲದಿಂದ ಬಂದಿದೆ? ಎಷ್ಟು ಬಿಂದುಗಳಿಗೆ ಜೋಡಿಸಲಾಗಿದೆ? ಉಳಿದ ದೋಷ ಎಷ್ಟು? ಟಿಪ್ಪಣಿಯ ಅಳತೆಯೊಂದಿಗೆ ತಾಳೆಯಾಗಿದೆಯೇ? ಉತ್ತರ ತೃಪ್ತಿಕರವಾಗದಿದ್ದರೆ ಹದ್ದುಬಸ್ತಿಗೆ ಅರ್ಜಿ ಸಲ್ಲಿಸಿ, ಎರಡೂ ಕಡೆಯವರ ಸಮಕ್ಷಮದಲ್ಲಿ ಗಡಿಯನ್ನು ಅಳೆಸಿಕೊಳ್ಳುವ ಮಾರ್ಗವಿದೆ.

ಗಣಕಯಂತ್ರ ಹಳೆಯ ನಕಾಶೆಯನ್ನು ಹರಿಯದಂತೆ, ಮಾಸದಂತೆ ಉಳಿಸಿಕೊಟ್ಟಿದೆ. ದೂರದ ಊರಿನಲ್ಲಿ ಕುಳಿತವರಿಗೂ ಅದನ್ನು ನೋಡುವ ಅನುಕೂಲವನ್ನು ಒದಗಿಸಿದೆ. ಆದರೆ ಚಿತ್ರವು ಸಾಕ್ಷಿ ಮಾತ್ರ, ತೀರ್ಪು ಅಲ್ಲ. ತೀರ್ಪು ದೊರೆಯುವುದು ಟಿಪ್ಪಣಿಯ ಅಂಕಿ, ನೆಲದ ಮೇಲಿನ ಕಲ್ಲು ಮತ್ತು ತೆರೆಯ ಮೇಲಿನ ಗೆರೆ ಈ ಮೂರೂ ಒಂದೇ ಮಾತನ್ನು ಹೇಳಿದಾಗ. ಭೂಮಾಪಕನ ಶ್ರದ್ಧೆ ಮತ್ತು ಭೂಮಾಲೀಕನ ತಿಳಿವಳಿಕೆ ಒಂದುಗೂಡಿದರೆ ಅಂಥ ಏಕವಾಕ್ಯತೆ ಸಾಧ್ಯ.