ಸುಪ್ತ ಕ್ಷಯ ಸೋಂಕು ಮತ್ತು ರಕ್ತಪರೀಕ್ಷೆ: ಸದಸ್ಯರು ತಿಳಿದಿರಬೇಕಾದುದು
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



ಕ್ಷಯಮುಕ್ತ ಪಂಚಾಯಿತಿಯ ಮಾತು ಬಂದಾಗಲೆಲ್ಲ ನಾವು ರೋಗಿಗಳನ್ನು ಎಣಿಸುತ್ತೇವೆ. ರೋಗಾಣು ದೇಹವನ್ನು ಹೊಕ್ಕಿದ್ದರೂ ಕೆಮ್ಮು, ಜ್ವರಗಳಿಲ್ಲದೆ ಎಂದಿನಂತೆ ದುಡಿಯುತ್ತಿರುವವರು ಆ ಎಣಿಕೆಗೆ ಸಿಗುವುದಿಲ್ಲ. ಇದುವೇ ಸುಪ್ತ ಕ್ಷಯ ಸೋಂಕು. ಇಂತಹವರಿಂದ ರೋಗ ಹರಡದು. ಆದರೆ ಇವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಜೀವಿತಾವಧಿಯಲ್ಲಿ ಎಂದಾದರೂ ರೋಗ ತಲೆದೋರುತ್ತದೆ. ಚಿಕ್ಕ ಮಕ್ಕಳಿಗೂ ಎಚ್‌ಐವಿ ಇರುವವರಿಗೂ ಅಪಾಯ ಇನ್ನೂ ಹೆಚ್ಚು.

ಈ ಸೋಂಕು ಕಫಪರೀಕ್ಷೆಯಲ್ಲಿ ಕಾಣದು. ಹಳೆಯ ಮಾಂಟೂ ಚರ್ಮಪರೀಕ್ಷೆಯ ಟ್ಯೂಬರ್ಕ್ಯುಲಿನ್ ಅನೇಕ ಪ್ರೋಟೀನುಗಳ ಮಿಶ್ರಣ. ಅವುಗಳಲ್ಲಿ ಹಲವು ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾದಲ್ಲಿಯೂ ಇವೆ. ಆದುದರಿಂದ ಲಸಿಕೆ ಪಡೆದವರ ತೋಳು ಸೋಂಕಿಲ್ಲದೆಯೂ ಊದಿಕೊಳ್ಳಬಹುದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಿನ್ ಅವರು ದನಗಳ ಕ್ಷಯದ ಬ್ಯಾಕ್ಟೀರಿಯಾವನ್ನು 13 ವರ್ಷ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ಬಲಗುಂದಿಸಿ ಈ ಲಸಿಕೆಯನ್ನು ರೂಪಿಸಿದರು. ಆ ಅವಧಿಯಲ್ಲಿ ಅದರ ವಂಶವಾಹಿಯ ಒಂದು ತುಣುಕು ಕಳಚಿಹೋಯಿತು. ಈಸಾಟ್-6 ಮತ್ತು ಸಿಎಫ್‌ಪಿ-10 ಎಂಬ ಪ್ರೋಟೀನುಗಳು ಆ ತುಣುಕಿಗೆ ಸೇರಿದವು. ಲಸಿಕೆಯಲ್ಲಿ ಇಲ್ಲದ, ಕ್ಷಯದ ರೋಗಾಣುವಿನಲ್ಲಿ ಇರುವ ಈ ಎರಡೇ ಹೊಸ ಪರೀಕ್ಷೆಗೆ ಆಧಾರ. ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿಯ ಜಾಣ್ಮೆ ಬಹಳ ಹಿಡಿಸಿತು.

ಇಗ್ರಾ ಎಂಬ ಈ ಪರೀಕ್ಷೆಯಲ್ಲಿ ರಕ್ತವನ್ನು ಆ ಪ್ರೋಟೀನುಗಳ ಅಂಶವಿರುವ ನಳಿಕೆಯಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 16ರಿಂದ 24 ಗಂಟೆ ಇರಿಸುತ್ತಾರೆ. ರೋಗಾಣುವಿನ ಪರಿಚಯವಿರುವ ಬಿಳಿ ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸ್ರವಿಸುತ್ತವೆ, ಅದನ್ನು ಅಳೆಯಲಾಗುತ್ತದೆ. ಕೇಂದ್ರ ಸರ್ಕಾರವು 2012ರಲ್ಲಿ ನಿಷೇಧಿಸಿದ ಪ್ರತಿಕಾಯ ಆಧಾರಿತ ರಕ್ತಪರೀಕ್ಷೆ ಬೇರೆ, ಇದು ಬೇರೆ. ಪ್ರಯೋಗಾಲಯ ದೂರವಿರುವಲ್ಲಿ ಇವೇ ಪ್ರೋಟೀನುಗಳನ್ನು ಚರ್ಮಕ್ಕೆ ಚುಚ್ಚುವ ಸೈ-ಟಿಬಿ ಪರೀಕ್ಷೆಯೂ ಉಂಟು. ಅದನ್ನು 48ರಿಂದ 72 ಗಂಟೆಯೊಳಗೆ ನೋಡಿಸಲೇಬೇಕು.

ಈಗ ಮುಖ್ಯ ವಿಷಯ. ಫಲಿತಾಂಶ ಪಾಸಿಟಿವ್ ಎಂದಾಕ್ಷಣ ಆ ವ್ಯಕ್ತಿ ಕ್ಷಯರೋಗಿಯಲ್ಲ. ಸೋಂಕು ಸುಪ್ತವೋ ರೋಗವಾಗಿದೆಯೋ ಎಂಬುದನ್ನು ಈ ಪರೀಕ್ಷೆ ಹೇಳಲಾರದು; ಅದಕ್ಕೆ ಲಕ್ಷಣಗಳ ವಿಚಾರಣೆ, ಎಕ್ಸ್-ರೇ ಮತ್ತು ಕಫಪರೀಕ್ಷೆ ಬೇಕು. ರೋಗವಿಲ್ಲವೆಂದು ಖಚಿತವಾದ ಮೇಲೆ ಪ್ರತಿಬಂಧಕ ಚಿಕಿತ್ಸೆ: ಆರು ತಿಂಗಳು ದಿನವೂ ಐಸೋನಿಯಾಜಿಡ್, ಇಲ್ಲವೇ ಅದರೊಡನೆ ರಿಫಾಪೆಂಟೈನ್ ಸೇರಿಸಿ ವಾರಕ್ಕೊಮ್ಮೆಯಂತೆ 12 ವಾರ. ರೋಗಿಯ ಮನೆಯ ಐದು ವರ್ಷದೊಳಗಿನ ಮಕ್ಕಳು ಹಾಗೂ ಎಚ್‌ಐವಿ ಇರುವವರು ಈ ಚಿಕಿತ್ಸೆಗಾಗಿ ರಕ್ತಪರೀಕ್ಷೆಗೆ ಕಾಯಬೇಕಾಗಿಲ್ಲ.

“ಗಟ್ಟಿಮುಟ್ಟಾಗಿದ್ದೇನೆ, ನನಗೇಕೆ ಮಾತ್ರೆ?” ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಅದಕ್ಕೆ ಆಶಾ ಕಾರ್ಯಕರ್ತೆಯೊಬ್ಬರೇ ಉತ್ತರಿಸುವಂತಾಗಬಾರದು. ವಾರ್ಡಿನ ಸದಸ್ಯರು ಜೊತೆಗೆ ಹೋಗಬೇಕು. ನಮ್ಮ ಪಂಚಾಯಿತಿಯ ಅಂಕಿ ಏರೀತೆಂಬ ಅಳುಕು ಕೆಲವರಲ್ಲಿದೆ. ಸುಪ್ತ ಸೋಂಕು ಕ್ಷಯರೋಗಿಗಳ ಲೆಕ್ಕಕ್ಕೆ ಸೇರದು. ಹಾಗೆಯೇ ಈ ಹೆಸರುಗಳು ಫಲಾನುಭವಿಗಳ ಪಟ್ಟಿಯಂತೆ ಗ್ರಾಮಸಭೆಯಲ್ಲಿ ಓದುವಂತಹವಲ್ಲ. ಒಂದು ಹೆಸರು ಹೊರಬಿದ್ದರೆ ಮರುದಿನದಿಂದ ಪರೀಕ್ಷೆಗೆ ತೋಳು ಚಾಚುವವರಿರುವುದಿಲ್ಲ. ಮಾತ್ರೆ ಸೇವಿಸುವವರಲ್ಲಿ ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು ಕಂಡುಬಂದರೆ ಮಾತ್ರೆಯನ್ನು ತಡೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ.