ಜೀವಕೋಶಕ್ಕೆ ತಕ್ಕ ನೆಲೆ

ಹಳ್ಳಿಯ ಕ್ಷಯರೋಗಿಯಿರಲಿ, ಬೆಂಗಳೂರಿನವರಿರಲಿ, ಚಿಕಿತ್ಸೆಯ ಮೊದಲ ಎರಡು ತಿಂಗಳು ನುಂಗುವ ನಾಲ್ಕು ಔಷಧಗಳಲ್ಲಿ ಪೈರಜಿನಮೈಡ್ ಒಂದು. ಮೈಯೊಳಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪ್ರಯೋಗಾಲಯದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಸೋಂಕಿತ ಕೋಶಗಳ ಮುಂದೆ ಮಾತ್ರ ಮಂಕಾಗುತ್ತಿತ್ತು. ರೋಗಿಯ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚು ಸುರಿಯಬೇಕಾಗುತ್ತಿತ್ತು. ಗೊತ್ತಿರುವ ಔಷಧವನ್ನೇ ಗುರುತಿಸದ ತಟ್ಟೆ, ಹೊಸ ಔಷಧಗಳಲ್ಲಿ ಇನ್ನೆಷ್ಟನ್ನು ಕೈಬಿಟ್ಟಿರಬಹುದು?

ಶ್ವಾಸಕೋಶದ ಕೋಶ ಬದುಕಿನಲ್ಲಿ ಎಂದೂ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಕೂತಿಲ್ಲ. ಅದರ ಸುತ್ತ ಕೊಲಾಜೆನ್ ಮೊದಲಾದ ಪ್ರೋಟೀನುಗಳ ಎಳೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ, ಬಲೆಯ ತುಂಬ ನೀರು. ಕೋಶ ಆ ಎಳೆಗಳನ್ನು ಹಿಡಿದು ಜಗ್ಗಿ ನೋಡುತ್ತದೆ. ನೆಲೆ ಎಷ್ಟು ಬಿಗಿ ಎಂಬುದರ ಮೇಲೆ ಅದರ ನಡವಳಿಕೆಯೇ ಬದಲಾಗುತ್ತದೆ. 2006ರಲ್ಲಿ ಆ್ಯಡಂ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಸಂಗಡಿಗರು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಮೂಳೆಮಜ್ಜೆಯ ಒಂದೇ ಬಗೆಯ ಕಾಂಡಕೋಶಗಳು ಮಿದುಳಿನಷ್ಟು ಮೆದುವಾದ, 1 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಿಗಿಯ ಜೆಲ್ ಮೇಲೆ ನರಕೋಶದ ಲಕ್ಷಣ ತೋರಿದವು. 10ರ ಆಸುಪಾಸಿನಲ್ಲಿ ಸ್ನಾಯುವಿನತ್ತ, 30ರ ಆಸುಪಾಸಿನಲ್ಲಿ ಮೂಳೆಯತ್ತ ವಾಲಿದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್ವಾಲ್ ಅವರ ತಂಡ ಈ ಅರಿವನ್ನು ಕ್ಷಯಕ್ಕೆ ಹೊಂದಿಸಿತು. ಸೋಂಕಿತ ಕೋಶಗಳನ್ನು ತಟ್ಟೆಯ ಬದಲು ಕೊಲಾಜೆನ್ ಹೈಡ್ರೋಜೆಲ್‌ನೊಳಗೆ, ಅಂದರೆ ನೀರು ತುಂಬಿದ ಕೊಲಾಜೆನ್ ಬಲೆಯೊಳಗೆ ಇರಿಸಿತು. ಕೆಲವೇ ದಿನ ಬಾಳುತ್ತಿದ್ದ ಕೋಶಗಳು ಮೂರು ವಾರದವರೆಗೆ ಬದುಕಿದವು. ಪೈರಜಿನಮೈಡ್ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಪ್ರಮಾಣದಲ್ಲೇ ಪರಿಣಾಮ ತೋರಿತು. ಅಷ್ಟು ಪ್ರಮಾಣ ರೋಗಿಯ ಮೈಯಲ್ಲಿ ನಿಜಕ್ಕೂ ಸಿಗುವಂಥದ್ದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇರುವಾಗ ಇದು ದೊಡ್ಡ ಮಾತು.

ಕೊಲಾಜೆನ್ ಪ್ರಕೃತಿಯದೇ ಸರಕು, ಕೋಶಕ್ಕೆ ಒಗ್ಗುತ್ತದೆ. ಆದರೆ ಬಿಗಿ ಹೆಚ್ಚಲೆಂದು ಅದನ್ನು ಹೆಚ್ಚು ಬೆರೆಸಿದರೆ, ಕೋಶ ಹಿಡಿದುಕೊಳ್ಳುವ ತಾಣಗಳೂ ಜೊತೆಗೇ ಹೆಚ್ಚುತ್ತವೆ. ಬದಲಾವಣೆ ಯಾವುದರಿಂದ ಬಂತೆಂದು ಹೇಳುವುದು ಹೇಗೆ? ಇನ್ನೊಂದು ಜನಪ್ರಿಯ ಜೆಲ್ ಮ್ಯಾಟ್ರಿಜೆಲ್. ಅದು ಇಲಿಯ ಗಡ್ಡೆಯಿಂದ ತೆಗೆದದ್ದು, ಒಂದು ಸಲದ ಸರಕು ಇನ್ನೊಂದು ಸಲದಂತಿರುವುದಿಲ್ಲ.

ಕೃತಕ ಹೈಡ್ರೋಜೆಲ್ ಬೇಕಾಗುವುದು ಇಲ್ಲಿಯೇ. 1960ರಲ್ಲಿ ಒಟ್ಟೊ ವಿಖ್ಟೆರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ವೈದ್ಯಕೀಯಕ್ಕೆಂದು ರೂಪಿಸಿದ ಜೆಲ್ ಮೆದು ಕಾಂಟ್ಯಾಕ್ಟ್ ಲೆನ್ಸ್‌ಗೆ ದಾರಿಯಾಯಿತು. ಶರಬತ್ತಿಗೆ ಹಾಕಿದ ಸಬ್ಜಾ ಬೀಜದ ಲೋಳೆಯಂತೆ ಇಂಥ ಜೆಲ್ ನೀರನ್ನು ಹಿಡಿದಿಡುತ್ತದೆ. ಇನ್ನೊಂದು ಕೃತಕ ವಸ್ತುವಾದ ಪಾಲಿಎಥಿಲೀನ್ ಗ್ಲೈಕಾಲ್‌ನ ಜೆಲ್ಲಿನಲ್ಲಿ ಕೋಶಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಅದೇ ಅದರ ಗುಣ. ಬೇಕಾದ್ದನ್ನಷ್ಟೇ, ಬೇಕಾದಷ್ಟೇ ಸೇರಿಸಬಹುದು. ಮೊದಲು ಆರ್‌ಜಿಡಿ: ಮೂರೇ ಅಮೈನೋ ಆಮ್ಲಗಳ ಪುಟ್ಟ ಸರಣಿ, ಕೋಶ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಎಳೆ ಎಳೆಗಳ ನಡುವೆ, ಕೋಶದ ಕಿಣ್ವ ಕತ್ತರಿಸಬಲ್ಲ ಪೆಪ್ಟೈಡ್ ಕೊಂಡಿಗಳು. ಜೆಫ್ರಿ ಹಬೆಲ್, ಮಥಿಯಾಸ್ ಲುಟೊಲ್ಫ್ ತಂಡ 2003ರಲ್ಲಿ ಇಂಥ ಜೆಲ್ ಮಾಡಿತು. ಅದರೊಳಗಿನ ಕೋಶ ಕೈ ಚಾಚಿ ಒಂದು ಎಳೆ ಹಿಡಿಯುತ್ತದೆ, ಎದುರಿನ ಕೊಂಡಿ ಕತ್ತರಿಸುತ್ತದೆ, ತೆರವಾದ ಜಾಗಕ್ಕೆ ಮೈ ತೂರಿಸುತ್ತದೆ. ಕೊಂಡಿ ಕತ್ತರಿಸಲಾಗದಂತೆ ಬದಲಿಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

2016ರಲ್ಲಿ ಲುಟೊಲ್ಫ್ ತಂಡಕ್ಕೆ ಇನ್ನೊಂದು ಸಂಗತಿ ತಿಳಿಯಿತು: ಕರುಳಿನ ಕಾಂಡಕೋಶ ಸಂಖ್ಯೆಯಲ್ಲಿ ಹೆಚ್ಚಲು ಬಿಗಿ ಜೆಲ್ ಬೇಕು, ಪುಟ್ಟ ಕರುಳಿನ ರೂಪ ತಾಳಲು ಮೆದು ಜೆಲ್ ಬೇಕು. ಹಾಗಾಗಿ ನೆಲೆಯೂ ಕಾಲಕ್ಕೆ ತಕ್ಕಂತೆ ಬದಲಾಗಬೇಕು.

ಕ್ಷಯದಲ್ಲಿ ಶ್ವಾಸಕೋಶವೂ ಹೀಗೆಯೇ ಬದಲಾಗುತ್ತದೆ. ಗಾಯ ಮಾಗಿದ ಕಡೆ ಎಳೆಗಳು ದಟ್ಟವಾಗಿ ಗಟ್ಟಿಯಾಗುತ್ತವೆ. ಮೆದು ಭಾಗದಲ್ಲಿ ರೋಗಾಣುವನ್ನು ಕೊಲ್ಲುವ ಔಷಧ ಆ ಗಟ್ಟಿ ಭಾಗದಲ್ಲೂ ಅಷ್ಟೇ ಕೊಲ್ಲುತ್ತದೆಯೇ? ಉಳಿದೆಲ್ಲವನ್ನೂ ಹಾಗೇ ಇಟ್ಟು ಬಿಗಿಯೊಂದನ್ನೇ ಏರಿಸಿ ಇಳಿಸಿ ಕೇಳಬೇಕಾದ ಪ್ರಶ್ನೆಯಿದು. ಕೃತಕ ಜೆಲ್‌ನಲ್ಲಿ ಅದನ್ನು ಕೇಳಲು ಸಾಧ್ಯವಿದೆ.