ಹುಡುಕುವ ಜಾಗವನ್ನು ನೀವೇ ಆರಿಸಿಕೊಳ್ಳಿ



ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು, ವಿಳಾಸದ ಪಟ್ಟಿಯಲ್ಲಿ ಒಂದು ಪದ ಬರೆದು ಎಂಟರ್ ಒತ್ತುತ್ತೀರಿ. ಕ್ಷಣಮಾತ್ರದಲ್ಲಿ ಉತ್ತರಗಳು ಬರುತ್ತವೆ. ಆದರೆ ನಿಮ್ಮ ಪ್ರಶ್ನೆ ಹೋದದ್ದು ಯಾರ ಬಳಿಗೆ? ಅಲ್ಲಿಗೇ ಹೋಗಲಿ ಎಂದು ನಿರ್ಧರಿಸಿದವರು ಯಾರು?

ಸಾಮಾನ್ಯವಾಗಿ ನೀವಲ್ಲ. ಪ್ರತಿ ಬ್ರೌಸರಿನಲ್ಲೂ ಒಂದು ಸರ್ಚ್ ಎಂಜಿನ್ ಮೊದಲೇ ಗೊತ್ತಾಗಿರುತ್ತದೆ. ಈ ಸ್ಥಾನದ ಬೆಲೆ ಅಮೆರಿಕದ ನ್ಯಾಯಾಲಯವೊಂದರಲ್ಲಿ ಬಯಲಾಯಿತು. ಬೇರೆ ಕಂಪನಿಗಳ ಬ್ರೌಸರು, ಫೋನುಗಳಲ್ಲಿ ತನಗೇ ಆ ಸ್ಥಾನ ಸಿಗಲೆಂದು ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು. ಅದು ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪಿತ್ತರು. ಅಷ್ಟು ಹಣ ಏಕೆ? ಇದ್ದದ್ದನ್ನು ಬದಲಿಸುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ.

ನೀವು ಹೋಗಬಹುದು. ಕನ್ನಡ ವಿಕಿಪೀಡಿಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಹುಡುಕು ಪೆಟ್ಟಿಗೆಯಲ್ಲಿ 'ಮಳೆ ಅಳೆಯುವುದು ಹೇಗೆ' ಎಂದು ಬರೆದು ಹುಡುಕಿ. ಫಲಿತಾಂಶದ ಪುಟ ಬಂದಾಗ ಅದರ ವಿಳಾಸವನ್ನು ನಕಲು ಮಾಡಿಕೊಳ್ಳಿ. (ಒಂದೇ ಪದ ಕೊಟ್ಟರೆ, ಆ ಹೆಸರಿನ ಲೇಖನಕ್ಕೇ ನೇರವಾಗಿ ಹೋಗಿಬಿಡಬಹುದು.)

ನಕಲನ್ನು ಬೇರೆಡೆ ಅಂಟಿಸಿದರೆ ಕನ್ನಡದ ಬದಲು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಾಣಬಹುದು. ಗಾಬರಿ ಬೇಡ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ವಿಳಾಸದಲ್ಲಿ ಒಂದು ಬೈಟಿಗೆ ಶೇಕಡಾ ಚಿಹ್ನೆಯೂ ಸೇರಿ 3 ಗುರುತು. 'ಕನ್ನಡ' ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂದು 5 ಸಂಕೇತಗಳಿವೆ. ಆದ್ದರಿಂದ 45 ಗುರುತುಗಳಾಗುತ್ತವೆ!

ವಿಳಾಸದಲ್ಲಿ 'ಸರ್ಚ್' ಎಂಬ ಇಂಗ್ಲಿಷ್ ಪದದ ಮುಂದೆ ಸಮಚಿಹ್ನೆ ಇರುವ ಜಾಗ ನೋಡಿ. ಅಲ್ಲಿಂದ ಮುಂದಿನ ಆಂಪರ್ಸ್ಯಾಂಡ್ ಚಿಹ್ನೆಯವರೆಗೆ ಇರುವುದೇ ನಿಮ್ಮ ಪ್ರಶ್ನೆ. ಅದನ್ನಷ್ಟೇ ಅಳಿಸಿ, ಶೇಕಡಾ ಚಿಹ್ನೆಯನ್ನೂ ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಣ್ಣ 'ಎಸ್' ಅಕ್ಷರವನ್ನೂ ಇಡಿ. ಅಚ್ಚು ಸಿದ್ಧವಾಯಿತು. ಮುಂದೆ ನೀವು ಕೊಡುವ ಪದವನ್ನು ಬ್ರೌಸರ್ ಅಲ್ಲಿ ತುಂಬುತ್ತದೆ.

ಈಗ ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ 'ಸರ್ಚ್ ಎಂಜಿನ್' ವಿಭಾಗಕ್ಕೆ ಹೋಗಿ, 'ಸೈಟ್ ಸರ್ಚ್' ಎಂಬಲ್ಲಿ 'ಆಡ್' ಒತ್ತಿ. ಹೆಸರು, ಎರಡಕ್ಷರದ ಸಂಕ್ಷೇಪ ಮತ್ತು ಈ ಅಚ್ಚು, ಮೂರನ್ನೂ ತುಂಬಿ ಉಳಿಸಿ. ಇನ್ನು ವಿಳಾಸದ ಪಟ್ಟಿಯಲ್ಲಿ ಸಂಕ್ಷೇಪ ಬರೆದು, ಟ್ಯಾಬ್ ಕೀಲಿ ಒತ್ತಿ, ಪದ ಕೊಟ್ಟರೆ ಸಾಕು.

ಜಾಗ ಬದಲಾದ ಮಾತ್ರಕ್ಕೆ ಸಿಕ್ಕಿದ್ದೆಲ್ಲ ಸತ್ಯವಾಗದು, ವಿಕಿಪೀಡಿಯದಲ್ಲೂ ತಪ್ಪುಗಳಿರುತ್ತವೆ. ಆದುದರಿಂದ ಒಂದು ನಿಘಂಟನ್ನೂ ಇನ್ನೊಂದು ಸರ್ಚ್ ಎಂಜಿನ್ನನ್ನೂ ಹೀಗೆಯೇ ಸೇರಿಸಿಕೊಳ್ಳಿ. ಒಂದೇ ಪ್ರಶ್ನೆಯನ್ನು ಮೂರೂ ಕಡೆ ಕೇಳಿ, ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎಲ್ಲಿ ವ್ಯತ್ಯಾಸ ಕಾಣುತ್ತದೋ ಅಲ್ಲಿಂದ ನಿಮ್ಮ ಓದು ಆರಂಭವಾಗಲಿ.